ಜಗಳೂರಿನ ಬಂಡೆಯ ಮೇಲೆ ತಂಗಡಿ ಸೊಪ್ಪು

ಶಿವಮೊಗ್ಗದಲ್ಲಿ ರೈಲಿನಿಂದ ಇಳಿದಾಗ ಪ್ರೊಫೆಸರ್ ಶಿವರುದ್ರಯ್ಯನವರ ಕೈಯಲ್ಲಿ ಸುತ್ತಿಗೆ ಇತ್ತು, ನನ್ನ ಹೆಗಲ ಮೇಲೆ ಖಾಲಿ ಗೋಣಿಚೀಲ. ಅವರ ಕಾಲೇಜಿನಲ್ಲೇ ಸಸ್ಯಶಾಸ್ತ್ರದ ಪ್ರಯೋಗಶಾಲೆ ನೋಡಿಕೊಳ್ಳುವವನು ನಾನು. ಆ ಪ್ರಯಾಣ ಮುಗಿಸಿ ಬೆಂಗಳೂರಿಗೆ ಮರಳಿ ತಿಂಗಳಾಯಿತು. ಈಗಲೂ ಬಾಗಿಲು ಬಡಿದ ಸದ್ದಿಗೆ ಕೈ ತಾನಾಗಿ ತಲೆಯ ಮೇಲೆ ಹೋಗುತ್ತದೆ. ಆದರೂ ದಾರಿಯನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ.

ಪ್ರೊಫೆಸರರು ಬದುಕೆಲ್ಲ ಹುಡುಕಿದ್ದು ಕಲ್ಲಾಗಿ ಹೋದ ಗಿಡಗಳನ್ನು. ಬೇರೆಯವರು ಕಲ್ಲಿದ್ದಲಿನಲ್ಲಿ ಎಲೆ ಕಂಡರೆ ಇವರು ಅದಕ್ಕೂ ಬಹಳ ಹಿಂದಿನದನ್ನು ಬಯಸಿದರು. ನಮ್ಮ ಸೀಮೆಯ ಸುಣ್ಣಕಲ್ಲಿನಲ್ಲಿ ಬೋಗುಣಿಗಳನ್ನು ಒಂದರ ಮೇಲೊಂದು ಕವುಚಿಟ್ಟ ಹಾಗೆ ಬಾಗಿದ ಗೆರೆಗಳಿವೆ; ಅವು ಆದಿಕಾಲದ ಸಮುದ್ರದ ಪಾಚಿ ಬಿಟ್ಟುಹೋದ ಗುರುತು ಎಂಬುದು ಅವರ ವಾದ. ಹಿಂದೆ ಒಂದು ಸಭೆಯಲ್ಲಿ ಅವರು ಇದನ್ನು ಹೇಳಿದಾಗ ಭೂವಿಜ್ಞಾನದ ಹಿರಿಯರೊಬ್ಬರು ಎದ್ದು ನಿಂತು, "ಇದು ಗಿಡವಾದರೆ ನಮ್ಮ ಮನೆ ಗೋಡೆಯ ಬಿರುಕು ಬಳ್ಳಿ" ಅಂದರಂತೆ. ಸಭೆಯೆಲ್ಲ ನಕ್ಕಿತು. ಆ ನಗೆ ಅವರ ಕಿವಿಯಿಂದ ಹೋಗಿರಲಿಲ್ಲ. ಬುಡದಿಂದ ನೆತ್ತಿಯವರೆಗೆ ಒಡೆಯದ ಒಂದು ಗುಬ್ಬಟೆ, ಅಂಥ ಬೋಗುಣಿಗಳ ಇಡೀ ಒಂದು ಗುಪ್ಪೆ, ಸಿಕ್ಕರೆ ಸಾಕು ಎನ್ನುತ್ತಿದ್ದರು. ನಿವೃತ್ತಿ ಹತ್ತಿರ ಬಂದಿತ್ತು. ಇನ್ನೊಮ್ಮೆ ಇಂಥ ಪ್ರಯಾಣಕ್ಕೆ ರಜೆಯೂ ಸಿಗುತ್ತಿರಲಿಲ್ಲ, ಮೈಯೂ ಏಳುತ್ತಿರಲಿಲ್ಲ.

ಯುದ್ಧದ ದಿನಗಳು. ಪೆಟ್ರೋಲ್ ಇಲ್ಲದೆ ಬಸ್ಸು ಇದ್ದಿಲ ಹೊಗೆಯ ಮೇಲೆ ಓಡುತ್ತಿತ್ತು. ದಿಣ್ಣೆ ಬಂದರೆ ಎಲ್ಲರೂ ಇಳಿದು ನೂಕಬೇಕು. ನ್ಯಾಮತಿಯಲ್ಲಿ ಬಸ್ಸು ಕೆಟ್ಟು ಮಧ್ಯಾಹ್ನವೆಲ್ಲ ಮೆಣಸಿನಕಾಯಿ ಮಂಡಿಯೊಂದರ ಜಗಲಿಯಲ್ಲಿ ಕೆಮ್ಮುತ್ತ ಕೂತೆವು. ಮರುದಿನ ಹೊನ್ನಾಳಿಯ ಆಚೆ ಗುಡ್ಡ ಸುತ್ತಿದೆವು. ಸಿಕ್ಕ ಕಲ್ಲೆಲ್ಲ ಒಡಕು. ಆದರೂ ಪ್ರೊಫೆಸರರು ಅದನ್ನೇ ಚೀಲಕ್ಕೆ ತುಂಬಿಸಿದರು.

ಚನ್ನಗಿರಿಯ ಬಸ್ಸಿನಲ್ಲಿ ಕಂಡಕ್ಟರು ಚೀಲ ಎತ್ತಿ ನೋಡಿ ಕೈಬಿಟ್ಟ. "ಏನ್ರೀ ಇದು, ಹೆಣ ಐತೇನ್ರಿ ಒಳಗೆ?"

"ಹೆಣವೇ. ಬಹಳ ಹಳೇದು," ಅಂದರು ಪ್ರೊಫೆಸರರು.

"ಹಂಗಾದ್ರೆ ಅದಕ್ಕೂ ಒಂದು ಟಿಕೀಟು ತಗೊಳ್ರಿ."

ಬಸ್ಸೆಲ್ಲ ನಕ್ಕಿತು, ಅವರೂ ನಕ್ಕರು. ಈ ಪ್ರಯಾಣದಲ್ಲಿ ಅವರು ನಕ್ಕದ್ದನ್ನು ನಾನು ಕೊನೆಯದಾಗಿ ನೋಡಿದ್ದು ಆಗಲೇ. ಚನ್ನಗಿರಿಯ ಛತ್ರದಲ್ಲಿ ಅವರಿಗೆ ಜ್ವರ ಬಂತು. ಹಿಂದಿರುಗೋಣ ಎಂದೆ. ಕೇಳಲಿಲ್ಲ. ನಲ್ಲೂರಿನ ಮೇಲೆ ದಾವಣಗೆರೆಗೆ, ಅಲ್ಲಿಂದ ಬಸ್ಸು ಬದಲಿಸಿ ಜಗಳೂರಿಗೆ ಹೋದೆವು. ಬಿಸಿಲು ಬೆಂಕಿ. ಹೋಟೆಲಿನಲ್ಲಿ ಜೋಳದ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕೊಟ್ಟರು. ಅವರು ಒಂದು ತುಂಡು ಮುರಿದು ಹಾಗೇ ಬಿಟ್ಟರು.

ಜಗಳೂರಿನಿಂದ ಎತ್ತಿನ ಗಾಡಿಯಲ್ಲಿ ಸುಣ್ಣಕಲ್ಲಿನ ಒಂದು ಕ್ವಾರಿಗೆ ಹೋದೆವು. ಅಲ್ಲಿನ ಮೇಸ್ತ್ರಿ ಭರಮಣ್ಣ, ಹುರಿಮೀಸೆಯ ದೊಡ್ಡಾಳು. ಬಂದ ಕಾರಣ ಕೇಳಿ ಆಳುಗಳ ಕಡೆ ತಿರುಗಿದ: "ಕೇಳಿದ್ರೇನ್ರಲೇ, ಕಲ್ಲಾಗೆ ಗಿಡ ನೋಡಾಕೆ ಬಂದಾರಂತೆ."

ಬುಟ್ಟಿ ಹೊರುತ್ತಿದ್ದ ಹೆಂಗಸೊಬ್ಬಳು ನಿಂತಲ್ಲೇ ಅಂದಳು: "ಮಣ್ಣಾಗಿಂದೇ ಏಳವಲ್ದು ನಮ್ಮ ಕಡೆ. ಕಲ್ಲಾಗೆ ಎದ್ರೆ ಒಂದು ಬೀಜ ನಮಗೂ ಕೊಟ್ಟು ಹೋಗ್ರಿ ಸಾಹೇಬ್ರೆ!"

"ನೋಡ್ಕಳ್ರಿ," ಅಂದ ಭರಮಣ್ಣ. "ಈಗ ಬಂಡೆಗೆ ಮದ್ದು ಹಾರ್ಸಿದೀವಿ. ಉಣ್ಣಾಕೆ ಕೂತ್ಕತೀವಿ."

ಅವರೆಲ್ಲ ಕ್ವಾರಿಯ ಎದುರು ದಂಡೆಗೆ, ಜಾಲಿಯ ನೆರಳಿಗೆ ಹೋದರು. ಪ್ರೊಫೆಸರರು ಹೊಸದಾಗಿ ಸೀಳಿದ ಗೋಡೆಯ ಉದ್ದಕ್ಕೂ ನಡೆದರು. ಒಂದು ಕಡೆ ನಿಂತೇಬಿಟ್ಟರು. ಬೋಗುಣಿಗಳು ಒಂದರ ಮೇಲೊಂದು, ಮೊಣಕಾಲೆತ್ತರ. ನೆತ್ತಿ ಮಾತ್ರ ಕಾಣುತ್ತಿರಲಿಲ್ಲ. ಅದರ ಮೇಲೆ ಒಂದು ಹಸಿ ಕೊಂಬೆಯಿತ್ತು, ಕಲ್ಲು ಹೇರಿ ನಿಲ್ಲಿಸಿದ್ದರು.

ಅವರು ಕಲ್ಲು ಸರಿಸಿ ಕೊಂಬೆ ಎತ್ತಿದರು. ಎಲೆ ತಿರುವಿ ನೋಡಿದರು. "ತಂಗಡಿ. ಬಂಡೆಯಲ್ಲಿ ಬೆಳೆದದ್ದಲ್ಲ, ಯಾರೋ ಮುರಿದು ತಂದಿಟ್ಟಿದ್ದಾರೆ," ಎಂದು ಪಕ್ಕಕ್ಕೆ ಎಸೆದರು. ಕೊಂಬೆ ಇದ್ದಲ್ಲಿ ಒಂದು ಕುಳಿ, ಅದರ ಬಾಯಿಗೆ ಕೆಂಪು ಮಣ್ಣು ಜಡಿದಿದ್ದರು. "ಕ್ಯಾಮೆರಾ ತಗೊಂಡು ಬಾರಯ್ಯ," ಅಂದರು. ನಾನು ಗಾಡಿಯ ಕಡೆ ಹೊರಟೆ.

ಆಗ ಎದುರು ದಂಡೆಯಲ್ಲಿ ಭರಮಣ್ಣ ಎದ್ದು ನಿಂತ, ಕೈಯಲ್ಲಿ ರೊಟ್ಟಿ ಹಾಗೇ ಇತ್ತು. "ಸೊಪ್ಪು! ಸೊಪ್ಪು ತೆಗೀಬ್ಯಾಡ್ರೀ!" ಎಂದು ಕೂಗಿದ. ಹೆಂಗಸರೂ ಎದ್ದು ಕೂಗಿದರು. ಒಂದು ಕೊಂಬೆಗೆ ಇಷ್ಟು ಗಲಾಟೆಯೇ, ಪೂಜೆಯದೇನೋ ಎಂದುಕೊಂಡೆ. ತಿರುಗಿ ನೋಡಿದೆ. ಪ್ರೊಫೆಸರರು ಅವರಿಗೆ ಆಯಿತೆಂಬಂತೆ ಕೈ ಎತ್ತಿ, ಮಂಡಿಯೂರಿ, ಕುಳಿಯ ಮಣ್ಣಿಗೆ ಉಳಿ ಇಟ್ಟು ಹೊಡೆದರು.

ಸದ್ದು ಕೇಳಿದ ನೆನಪಿಲ್ಲ. ಉಳಿಯ ಮೇಲೆ ಇಳಿಯುವ ಸುತ್ತಿಗೆಯಷ್ಟೇ ಕಾಣುತ್ತದೆ, ಪ್ರತಿ ಸಲವೂ. ಮತ್ತೆ ನಾನು ನೆಲದ ಮೇಲಿದ್ದೆ, ಬಾಯಲ್ಲಿ ಸುಣ್ಣ, ಸುತ್ತ ಕಲ್ಲು ಬೀಳುತ್ತಿತ್ತು.

ಜಗಳೂರಿಗೆ ಮರಳುವ ಗಾಡಿಯಲ್ಲಿ ಪ್ರೊಫೆಸರರ ತಲೆ ತೊಡೆಯ ಮೇಲಿಟ್ಟುಕೊಂಡು ಭರಮಣ್ಣ ಒಂದೇ ಸಮ ಮಾತಾಡಿದ. ಮದ್ದು ತುಂಬಿದ ಕುಳಿಗಳ ಬತ್ತಿ ಹಚ್ಚಿದ ಮೇಲೆ ಸದ್ದು ಎಣಿಸುತ್ತಾರೆ. ಒಂದು ಕಡಿಮೆ ಬಂದರೆ ಆ ಕುಳಿಯ ಮೇಲೆ ಹಸಿರು ಸೊಪ್ಪು ಇಡುತ್ತಾರೆ. ಮದ್ದು ಸಿಡಿಯದೆ ಒಳಗೇ ಮಲಗಿದೆ ಎಂದು ಅರ್ಥ. ಮರುದಿನದವರೆಗೆ ಅತ್ತ ಯಾರೂ ಸುಳಿಯುವುದಿಲ್ಲ. "ಎಳೇ ಮಕ್ಕಳೂ ಮುಟ್ಟಾಕಿಲ್ರೀ. ಹೇಳ್ಬೇಕು ಅಂತ ಹೆಂಗೆ ಹೊಳೀಬೇಕ್ರಿ ನಮಗೆ?" ಅಂದ.

ಜಗಳೂರಿನ ಡಾಕ್ಟರು ತೊಳೆದು ಪಟ್ಟಿ ಕಟ್ಟಿ ದಾವಣಗೆರೆಗೆ ಕಳಿಸಿದರು. ಅಲ್ಲಿಯ ಡಾಕ್ಟರು ನನ್ನನ್ನು ಹೊರಗೆ ಕರೆದು, ಎರಡು ಕಣ್ಣೂ ಹೋದವು ಎಂದರು.

ನಾವು ಬೆಂಗಳೂರಿಗೆ ಹೊರಡುವ ಮುಂಚೆ ಭರಮಣ್ಣ ಆಸ್ಪತ್ರೆಗೆ ಬಂದ. ಹೆಗಲ ಮೇಲಿನ ಕಂಬಳಿ ಬಿಚ್ಚಿ ಒಂದು ಕಲ್ಲನ್ನು ಮಂಚದ ಮೇಲಿಟ್ಟ. ಆ ಕುಳಿಯ ಪಕ್ಕದಿಂದ ಸಿಡಿದು ಬಿದ್ದ ಗೇಣುದ್ದದ ತುಂಡು. ಬುಡದಿಂದ ನೆತ್ತಿಯವರೆಗೆ ಇಡೀ ಗುಬ್ಬಟೆ, ಒಂದು ಬಿರುಕಿಲ್ಲ. "ಇದಕ್ಕೇ ಅಲ್ವೇನ್ರಿ ಬಂದಿದ್ದು," ಅಂದ. ಕಂಬಳಿ ಮಡಚುತ್ತ, "ಸೊಪ್ಪು ಇಟ್ಟಿದ್ದೆ ಸಾಹೇಬ್ರೆ."

"ನೋಡಿದೆನಪ್ಪ. ಹೆಸರೂ ಹೇಳಿದೆ," ಅಂದರು ಪ್ರೊಫೆಸರರು.

ಬೆಂಗಳೂರಿನ ರೈಲಿನಲ್ಲಿ ಆ ಕಲ್ಲು ಅವರ ಮಡಿಲಲ್ಲಿತ್ತು. ಬೆರಳು ಗೆರೆಗಳ ಮೇಲೆ ಹತ್ತಿ ಇಳಿಯುತ್ತಿತ್ತು. "ಇನ್ನು ನಾನು ಹೇಳಿದರೆ ಯಾರು ಕೇಳುತ್ತಾರೆ? ಕುರುಡ ಕಂಡ ಗಿಡ ಅನ್ನುತ್ತಾರೆ. ನೀನು ಬರೆಯಬೇಕು. ಏನು ಕಾಣುತ್ತದೆ ಹೇಳು."

ಕಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಹೌದು, ಪಾಚಿ ಕಾಣುತ್ತದೆ ಎನ್ನುವುದು ಸುಲಭವಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಅವರು ಮುಖ ನನ್ನತ್ತ ತಿರುಗಿಸಿ ಕಾದಿದ್ದರು.

"ಗೆರೆಗಳು, ಸಾರ್. ಬಾಗಿದ ಗೆರೆಗಳು. ಗಿಡವೋ ಅಲ್ಲವೋ ನನಗೆ ಗೊತ್ತಾಗುವುದಿಲ್ಲ."

ಅವರು ಕೈ ಚಾಚಿ ಕಲ್ಲನ್ನು ವಾಪಸು ತೆಗೆದುಕೊಂಡರು. "ಸರಿ. ಹಾಗೇ ಬರಿ," ಅಂದರು. "ಹೊರಗೆ ಏನಿದೆ?"

ಹಳಿಯ ಪಕ್ಕದಲ್ಲಿ, ಕಣ್ಣು ಹೋದಷ್ಟು ದೂರ, ತಂಗಡಿ ಹಳದಿಯಾಗಿ ಹೂ ಬಿಟ್ಟಿತ್ತು.

"ಬಯಲು, ಸಾರ್," ಅಂದೆ.