ಮುಂದಿಂದು ನೋಡಬೇಕು

ತೆಲಂಗಾಣ ಬೇರೆ ರಾಜ್ಯವಾಗಿ ಐದು ವರ್ಷ ಕಳೆದಿತ್ತು. ಆಗ ನಾನು ಬೇಗಂಪೇಟೆ ರೈಲು ನಿಲ್ದಾಣದ ಹಿಂಬದಿಯ ಒಂದು ಖಾಸಗಿ ಗ್ಯಾರೇಜಿನಲ್ಲಿ ಫೋರ್‌ಮನ್ ಆಗಿದ್ದೆ. ಸಿಂಧನೂರು ಕಡೆಯಿಂದ ನಟ್ಟು ಬಿಚ್ಚುವ ಪಾನೆ ಹಿಡಿದು ಹೈದರಾಬಾದಿಗೆ ಬಂದು ಇಪ್ಪತ್ತಾರು ವರ್ಷವಾಗಿತ್ತು. ನನ್ನ ಕೈಕೆಳಗಿನ ಏಳು ಫಿಟ್ಟರ್‌ಗಳಲ್ಲಿ ಐದು ಜನ ರಾಯಚೂರು, ಯಾದಗಿರಿ ಕಡೆಯವರು. ಮಾಲೀಕರ ಹತ್ತಿರ ತೆಲುಗು, ಗಿರಾಕಿಗಳ ಹತ್ತಿರ ಹಿಂದಿ, ನಮ್ಮನಮ್ಮಲ್ಲಿ ಕನ್ನಡ. ಆಫೀಸಿನ ಜಾಬ್ ಕಾರ್ಡ್ ಇಂಗ್ಲಿಷಿನಲ್ಲಿರುತ್ತಿತ್ತು. ಅದನ್ನು ಓದಲು ನಮ್ಮವರು ತಡವರಿಸುತ್ತಾರೆಂದು ನಾನು ಬೇರೆ ಚೀಟಿಯಲ್ಲಿ ಕನ್ನಡದಲ್ಲೇ ಕೆಲಸ ಬರೆದು, ತಂತಿಯಿಂದ ಗಾಡಿಯ ಸೈಡ್ ಮಿರರ್‌ಗೆ ಕಟ್ಟುತ್ತಿದ್ದೆ. ಆ ಚೀಟಿಗಳ ಬಗ್ಗೆ ನನಗೆ ಜಂಬ ಬೇರೆ ಇತ್ತು.

ಒಂದು ಶನಿವಾರ ಬೆಳಿಗ್ಗೆ ಖಾಜಾ ಒಂದು ಹಳೆಯ ಫೋರ್ ವೀಲ್ ಡ್ರೈವ್ ಗಾಡಿ ತಂದು ನಿಲ್ಲಿಸಿದ. ಗಾಡಿಗೆ ಹತ್ತೊಂಬತ್ತು ವರ್ಷ ವಯಸ್ಸು, ಮೂರು ಲಕ್ಷ ಕಿಲೋಮೀಟರಿನ ಮೇಲೆ ಓಡಿತ್ತು. ಖಾಜಾ ಅದರ ಡ್ರೈವರ್, ರಾಯಚೂರಿನವನು. ಕಾಡಿನ ಊರುಗಳಿಗೆ ಔಷಧ ಕೊಂಡೊಯ್ಯುವ ಒಂದು ಟ್ರಸ್ಟಿನ ಗಾಡಿ ಅದು. ಪ್ರತಿ ಸೋಮವಾರ ಬೆಳಗಿನ ಐದಕ್ಕೆ ಖಾಜಾ ಮತ್ತು ನರ್ಸ್ ಸುನಂದಾ ಸಿಸ್ಟರ್, ಇಬ್ಬರೇ, ಶ್ರೀಶೈಲದ ರಸ್ತೆ ಹಿಡಿದು ನಲ್ಲಮಲ ಕಾಡಿಗೆ ಹೋಗುತ್ತಿದ್ದರು. ನಿಧಾನಕ್ಕೆ ಹೋಗುವಾಗ ಗಾಡಿಯ ಕೆಳಗೆ ಗುಬ್ಬಿ ಕೂಗಿದ ಹಾಗೆ ಚಿಕ್ ಚಿಕ್ ಅನ್ನುತ್ತದೆ, ಕ್ಲಚ್ ಬಿಟ್ಟಾಗ ಖಟ್ ಅಂತ ಒದೆಯುತ್ತದೆ ಎಂದು ಖಾಜಾ ಹೇಳಿದ.

ಕೇಳಿದ ಕೂಡಲೇ ನನಗೆ ರೋಗ ಗೊತ್ತಾಯಿತು. ಗೇರ್‌ಬಾಕ್ಸಿನ ಕಡೆಯಿಂದ ಚಕ್ರಗಳಿಗೆ ಶಕ್ತಿ ಒಯ್ಯುವ ಉದ್ದನೆಯ ಕೊಳವೆಗೆ ಪ್ರೊಪೆಲ್ಲರ್ ಶಾಫ್ಟ್ ಎನ್ನುತ್ತಾರೆ. ಇಂಥ ಗಾಡಿಯಲ್ಲಿ ಹಿಂದಿನ ಚಕ್ರಗಳಿಗೊಂದು, ಮುಂದಿನ ಚಕ್ರಗಳಿಗೊಂದು ಶಾಫ್ಟ್ ಇರುತ್ತದೆ. ಪ್ರತಿ ಶಾಫ್ಟಿನ ಎರಡೂ ತುದಿಯಲ್ಲಿ ಕೂಡಿಸುವ ಗುರುತಿನ ಆಕಾರದ ಒಂದು ಜಾಯಿಂಟ್. ಗ್ಯಾರೇಜಿನಲ್ಲಿ ಅದಕ್ಕೆ ಕ್ರಾಸ್ ಎಂದೇ ಹೆಸರು. ಅದರ ನಾಲ್ಕು ತುದಿಗೆ ನಾಲ್ಕು ಬಟ್ಟಲು, ಬಟ್ಟಲೊಳಗೆ ಸೂಜಿಯಂಥ ಸಣ್ಣ ರೋಲರ್‌ಗಳು. ಗ್ರೀಸ್ ಒಣಗಿದರೆ ಸೂಜಿಗಳು ತಮ್ಮನ್ನು ತಾವೇ ತಿಂದುಕೊಂಡು ಕೆಂಪು ಹುಡಿಯಾಗುತ್ತವೆ. ಗಾಡಿ ಎತ್ತಿ ನೋಡಿದೆ. ಹಿಂದಿನ ಶಾಫ್ಟಿನ ಕ್ರಾಸ್ ಕೈಯಲ್ಲಿ ಅಲುಗಾಡುತ್ತಿತ್ತು. ಮುಂದಿನ ಶಾಫ್ಟಿನ, ಆಕ್ಸಲ್ ಕಡೆಯ ಕ್ರಾಸಿನ ಅಂಚಿಗೆ ಬೆರಳು ಒರೆಸಿದೆ. ಬೆರಳ ತುದಿ ಕುಂಕುಮ ಹಚ್ಚಿದಂತೆ ಕೆಂಪಾಯಿತು.

ಎರಡರಲ್ಲಿ ಅದು ಹೆಚ್ಚು ಅಪಾಯದ್ದು. ಆ ತುದಿ ಕಳಚಿದರೆ ಶಾಫ್ಟಿನ ಮೂತಿ ರಸ್ತೆಗೆ ಬೀಳುತ್ತದೆ. ಇನ್ನೊಂದು ತುದಿ ಗಾಡಿಯಲ್ಲೇ ಸಿಕ್ಕಿರುತ್ತದೆ, ಗಾಡಿ ಮುಂದಕ್ಕೆ ಓಡುತ್ತಿರುತ್ತದೆ. ಮೂತಿ ನೆಲಕ್ಕೆ ನಾಟಿಕೊಂಡರೆ ಗಾಡಿಯನ್ನೇ ಮೀಟಿ ಎತ್ತಿ ಒಗೆಯುತ್ತದೆ. ಅರವತ್ತರ ವೇಗದಲ್ಲಿ ಹಾಗಾದರೆ ಒಳಗಿದ್ದವರು ಉಳಿಯುವುದು ದೇವರ ಕೈಯಲ್ಲಿ.

ಎರಡು ಹೊಸ ಕ್ರಾಸ್ ತರಿಸಿದೆ. ಚೀಟಿ ಬರೆದೆ: ‘ಹಿಂದಿನ ಕ್ರಾಸ್ ಬದಲಿ. ಮುಂದಿಂದು ನೋಡಬೇಕು.’ ನಮ್ಮ ಗ್ಯಾರೇಜಿನ ಭಾಷೆಯಲ್ಲಿ ನೋಡುವುದೆಂದರೆ ಬಿಚ್ಚಿ ಸರಿಮಾಡುವುದು. ಗಾಡಿಯನ್ನು ಮಹಾದೇವಪ್ಪನಿಗೆ ಒಪ್ಪಿಸಿದೆ. ಆತ ಯಾದಗಿರಿ ಕಡೆಯವನು, ನಲವತ್ತು ದಾಟಿದವನು, ಮಾತು ಕಡಿಮೆ, ನಮ್ಮ ಗ್ಯಾರೇಜಿನಲ್ಲೇ ಒಳ್ಳೆಯ ಕೈ. ಕೆಲಸ ಮುಗಿದ ಮೇಲೆ ಗಾಡಿ ಓಡಿಸಿ ನೋಡಿ ಬಿಡುವುದು ಫೋರ್‌ಮನ್‌ನ ಕೆಲಸ. ಅಂದು ದಿಲ್‌ಸುಖ್‌ನಗರದಲ್ಲಿ ಭಾವಮೈದುನನ ಮನೆಯಲ್ಲಿ ತೊಟ್ಟಿಲ ಕಾರ್ಯಕ್ರಮವಿತ್ತು. ಮಹಾದೇವಪ್ಪನ ಕೆಲಸದಲ್ಲಿ ನೋಡುವುದೇನಿದೆ ಎಂದು ನಾಲ್ಕು ಗಂಟೆಗೇ ಹೊರಟುಬಿಟ್ಟೆ.

ಸೋಮವಾರ ಒಂಬತ್ತೂವರೆಗೆ ಗ್ಯಾರೇಜಿಗೆ ಬಂದೆ. ಕಪಾಟಿನಲ್ಲಿ ಒಂದು ಕ್ರಾಸಿನ ಡಬ್ಬಿ ಸೀಲು ಒಡೆಯದೆ ಕೂತಿತ್ತು. ಯಾವ ಗಾಡಿಯದು ಎಂದು ಕೇಳಿದೆ. ಟ್ರಸ್ಟಿನ ಗಾಡಿಯದು ಎಂದ ಮಹಾದೇವಪ್ಪ. ಹಾಕಲಿಲ್ಲವೇಕೆ ಎಂದೆ.

“ಮುಂದಿಂದು ನೋಡಬೇಕು ಅಂತ ಬರದಿದ್ರಲ್ರಿ. ಮುಂದಿನ ಸರ್ತಿ ಬಂದಾಗ ನೋಡೋದು ಅಂತ ತಿಳಕೊಂಡ್ನಿ.”

ಗಾಡಿ ಹೋಗಿ ನಾಲ್ಕೂವರೆ ತಾಸಾಗಿತ್ತು. ಖಾಜಾನಿಗೆ ಫೋನ್ ಹಚ್ಚಿದೆ, ಸ್ವಿಚ್ ಆಫ್. ಸಿಸ್ಟರ್ ಫೋನು ವ್ಯಾಪ್ತಿ ಪ್ರದೇಶದ ಹೊರಗೆ. ಟ್ರಸ್ಟಿನ ಆಫೀಸಿನವರು, ಕಾಡಿನೊಳಗೆ ಸಿಗ್ನಲ್ ಬರುವುದಿಲ್ಲ, ಮಧ್ಯಾಹ್ನ ವಾಪಸು ಹೊರಟ ಮೇಲೆ ಅವರೇ ಮಾಡುತ್ತಾರೆ ಎಂದರು. ನಾನು ಯೋಚಿಸಿದ್ದು ಹಬ್ ಲಾಕ್ ಬಗ್ಗೆ. ಮುಂದಿನ ಒಂದೊಂದು ಚಕ್ರದ ನಡುಮಧ್ಯೆಯೂ ಒಂದು ತಿರುಗುಣಿ ಇರುತ್ತದೆ. ಅದನ್ನು ಬಿಡಿಸಿಟ್ಟರೆ ಡಾಂಬರು ರಸ್ತೆಯಲ್ಲಿ ಮುಂದಿನ ಶಾಫ್ಟ್ ಸುಮ್ಮನಿರುತ್ತದೆ, ಲಾಕ್ ಮಾಡಿದರೆ ಚಕ್ರದ ಜೊತೆ ತಿರುಗುತ್ತಲೇ ಇರುತ್ತದೆ. ಕಾಡಿನಲ್ಲಿ ಇಳಿದು ತಿರುಗಿಸಲು ಬೇಸರಪಟ್ಟು ಖಾಜಾ ಮನೆಯಿಂದಲೇ ಲಾಕ್ ಮಾಡಿಕೊಂಡು ಹೋಗುವವನು. ಅಂದರೆ ಬೆಳಗಿನ ಐದರಿಂದ ಆ ಒಣ ಕ್ರಾಸ್ ತಿರುಗುತ್ತಲೇ ಇತ್ತು.

ಹೊಸ ಕ್ರಾಸು, ಪಾನೆ, ಗ್ರೀಸ್ ಗನ್ ಗ್ಯಾರೇಜಿನ ವ್ಯಾನಿಗೆ ಹಾಕಿ, ಮಹಾದೇವಪ್ಪನನ್ನು ಸ್ಟಿಯರಿಂಗಿಗೆ ಕೂರಿಸಿ ಹೊರಟೆ. ಅಬಿಡ್ಸ್ ದಾಟಲಿಕ್ಕೇ ಮುಕ್ಕಾಲು ತಾಸು ಹಿಡಿಯಿತು. ನನ್ನ ಬಾಯಿ ಕೆಟ್ಟದ್ದು, ನಾನೇ ಒಪ್ಪುತ್ತೇನೆ. ಹೆದರಿದಾಗ ಇನ್ನೂ ಕೆಡುತ್ತದೆ. ದಾರಿಯುದ್ದಕ್ಕೂ ಅವನನ್ನು ಬೈದೆ. ಕನ್ನಡ ಓದಲಿಕ್ಕೂ ಬರುವುದಿಲ್ಲವೇ ಎಂದೆ, ಕೆಂಪು ಹುಡಿ ಕಾಣಲಿಲ್ಲವೇ ಎಂದೆ, ಇಬ್ಬರ ಜೀವಕ್ಕೆ ಏನಾದರೂ ಆದರೆ ನೀನೇ ಹೊಣೆ ಎಂದೆ. ಚೀಟಿಯಲ್ಲಿ ಸರಿಯಾಗಿ ಬರೆದಿರಲಿಲ್ಲ ಅಂತ ಅವನು ಇನ್ನೂ ಹೇಳಿರಲೇ ಇಲ್ಲ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನೇ ಮೊದಲು ಗಾದೆ ಒಗೆದೆ. ಹತ್ತು ಹತ್ತು ನಿಮಿಷಕ್ಕೆ ಫೋನ್ ಮಾಡುತ್ತಿದ್ದೆ. ಅದೇ ಹೆಣ್ಣುದನಿ, ತೆಲುಗಿನಲ್ಲಿ, ಅದೇ ಮಾತು. ಎದುರಿಗೆ ಆಂಬುಲೆನ್ಸ್ ಬಂದರೆ ಕಿಟಕಿಯಿಂದ ಕತ್ತು ಹೊರಹಾಕಿ ನೋಡುತ್ತಿದ್ದೆ.

ಊರುಗಳು ಮುಗಿದು ದಾರಿಯ ಎರಡೂ ಬದಿ ಮರಗಳು ಒತ್ತಾಗತೊಡಗಿದವು. ಮಹಾದೇವಪ್ಪ ರಸ್ತೆಯಿಂದ ಕಣ್ಣು ತೆಗೆಯದೆ ಒಂದೇ ಒಂದು ಸಲ ಬಾಯಿ ಬಿಟ್ಟ.

“ಹೋದ ತಿಂಗಳ ಆ ಬಿಳಿ ವ್ಯಾನಿಗೂ ನೀವು ಇದನ್ನ ಬರದಿದ್ರಿ, ಮುಂದಿಂದು ನೋಡಬೇಕು ಅಂತ. ನಾ ಮುಂದಿನ ಬ್ರೇಕ್ ಬಿಚ್ಚಾಕತ್ತಿದ್ದೆ. ಮುಂದಿನ ಸರ್ವೀಸಿಗೆ ಅಂತ ಬರದೀನಿ, ಕಣ್ಣು ಕಾಣಂಗಿಲ್ಲೇನು ಅಂತ ಎಲ್ಲರ ಮುಂದ ಬೈದ್ರಿ.”

ಬೈದಿದ್ದೆ. ನೆನಪಾಯಿತು. ಮುಂದಿಂದು ಎಂಬ ಅದೇ ಮೂರು ಅಕ್ಷರದ ಮಾತನ್ನು ನಾನು ಒಂದು ದಿನ ಜಾಗಕ್ಕೆ, ಇನ್ನೊಂದು ದಿನ ಕಾಲಕ್ಕೆ ಬರೆದಿದ್ದೆ. ಅವನು ಹಿಂದಿನ ಬೈಗುಳದಿಂದ ಕಲಿತು ಈ ಸಲ ಸುಮ್ಮನೆ ಬಿಟ್ಟಿದ್ದ. ನಾಚಿಕೆಗಿಂತ ಹೆಚ್ಚಾಗಿ ಭಯವಾಯಿತು, ಯಾಕೆಂದರೆ ಇನ್ನು ಬೈಯಲು ಯಾರೂ ಉಳಿದಿರಲಿಲ್ಲ.

ಒಂದು ಗಂಟೆಯ ಹೊತ್ತಿಗೆ ಯಾವುದೋ ಹೊಸ ನಂಬರಿನಿಂದ ಫೋನ್ ಬಂತು. ಖಾಜಾ. ದಾರಿಹೋಕರೊಬ್ಬರ ಫೋನಿನಿಂದ ಮಾತಾಡುತ್ತಿದ್ದ. ವಾಪಸು ಬರುವಾಗ ಗಾಡಿ ಎಗರಿಬಿತ್ತು, ಸಿಸ್ಟರ್‌ಗೆ ಪೆಟ್ಟಾಗಿದೆ, ಅರಣ್ಯ ಇಲಾಖೆಯ ಚೆಕ್‌ಪೋಸ್ಟಿನಿಂದ ನಾಲ್ಕು ಕಿಲೋಮೀಟರ್ ಒಳಗಿದ್ದೇವೆ ಎಂದ. ಅಲ್ಲಿ ಮುಟ್ಟಲು ನಮಗೆ ಇಪ್ಪತ್ತು ನಿಮಿಷ ಸಾಕಾಯಿತು.

ಗಾಡಿ ರಸ್ತೆಗೆ ಅಡ್ಡ ನಿಂತಿತ್ತು. ಶಾಫ್ಟಿನ ಮೂತಿ ಡಾಂಬರನ್ನು ಒಂದು ಮಾರಿನಷ್ಟು ಉತ್ತು ಮಡಚಿಕೊಂಡಿತ್ತು. ಎಡಗಡೆ ಸೀಟಿನ ಕೆಳಗಿನ ತಗಡು ಹರಿದು ಒಳಕ್ಕೆ ಎದ್ದಿತ್ತು. ಶಾಫ್ಟ್ ಕಳಚಿದಾಗ ಸುನಂದಾ ಸಿಸ್ಟರ್ ಕೂತಿದ್ದದ್ದು ಆ ಸೀಟಿನಲ್ಲೇ. ಈಗ ಮರದ ಕೆಳಗೆ, ತಾವೇ ರೋಗಿಗಳಿಗೆಂದು ಒಯ್ದಿದ್ದ ಸ್ಟ್ರೆಚರಿನ ಮೇಲೆ ಮಲಗಿದ್ದರು. ಎಡ ಭುಜ ಕೆಳಗಿಳಿದಿತ್ತು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು, ಮಾತು ಮಾತ್ರ ನೆಟ್ಟಗಿತ್ತು. ಖಾಜಾನಿಗೆ ಹಣೆ ಒಡೆದಿತ್ತು. ಎಮ್ಮೆ ಹಿಂಡು ಅಡ್ಡ ಬಂದದ್ದಕ್ಕೆ ಇಪ್ಪತ್ತರ ವೇಗಕ್ಕೆ ಇಳಿಸಿದ್ದನಂತೆ, ಆಗಲೇ ಕಳಚಿತಂತೆ. ಅದಕ್ಕೆ ಎರಡು ನಿಮಿಷ ಮೊದಲು ಇಳಿಜಾರಿನಲ್ಲಿ ಅರವತ್ತೈದರಲ್ಲಿದ್ದನಂತೆ.

ಚಿಕ್ ಚಿಕ್ ಸದ್ದು ಕೇಳಲಿಲ್ಲವೇ ಎಂದೆ.

“ಮುಂಜಾನಿಂದ ಕೇಳಾಕತ್ತಿತ್ತು ಸಾಬ್. ಶನಿವಾರ ನಿಮ್ಮ ಕೈಯಾಗ ಹೊಸದು ಬಿದ್ದೈತಿ, ಕೂಡಾಕ ಎರಡು ದಿನ ಬೇಕಾಗ್ತೈತಿ ಅಂತ ಸುಮ್ಮನಾದೆ.”

ನಮ್ಮ ಮೇಲೆ ನಂಬಿಕೆ ಇರದಿದ್ದರೆ ಅವನು ನಿಲ್ಲಿಸಿ ಬಗ್ಗಿ ನೋಡುತ್ತಿದ್ದ. ಆ ಮಾತು ನನಗೆ ಇವತ್ತಿಗೂ ಅರಗಿಲ್ಲ.

ಸಿಸ್ಟರನ್ನು ನಮ್ಮ ವ್ಯಾನಿನಲ್ಲಿ ಮಲಗಿಸಿ ಹೈದರಾಬಾದಿಗೆ ತಂದೆವು. ಕೊರಳ ಕೆಳಗಿನ ಎಲುಬು ಎರಡು ತುಂಡಾಗಿತ್ತು, ಭುಜದ ಕೀಲೂ ಒಡೆದಿತ್ತು. ಆಪರೇಷನ್ ಆಯಿತು. ಮೂರನೆಯ ದಿನ ಆಸ್ಪತ್ರೆಗೆ ಹೋಗಿ ಚೀಟಿಯ ಕಥೆಯನ್ನೆಲ್ಲ ಹೇಳಿದೆ, ತಪ್ಪು ನನ್ನದು ಎಂದೆ. ಸಿಸ್ಟರ್ ಬೀದರ್ ಕಡೆಯವರು, ಮುಲಾಜಿಲ್ಲದ ಹೆಂಗಸು. ಸಮಾಧಾನದ ಮಾತೇನೂ ಹೇಳಲಿಲ್ಲ.

“ಡಾಕ್ಟರ್ ಫೋನಿನಾಗ ಔಷಧ ಹೇಳಿದ್ರ ನಾವು ಅದನ್ನ ತಿರುಗಿ ಹೇಳ್ತೀವಿ. ಹೌದು ಅಂದ ಮ್ಯಾಲೆನೇ ಸೂಜಿ ಚುಚ್ಚೋದು. ಇಪ್ಪತ್ತಾರು ವರ್ಷದಾಗ ನೀವು ಯಾರಿಗೂ ತಿರುಗಿ ಹೇಳು ಅಂದಿಲ್ಲೇನ್ರಿ?”

ಅಂದಿರಲಿಲ್ಲ. ನಾನು ಬರೆದದ್ದು ಅರ್ಥವಾಗದಿದ್ದರೆ ಓದಿದವನು ದಡ್ಡ, ಇದೇ ನನ್ನ ಲೆಕ್ಕವಾಗಿತ್ತು. ಆಮೇಲೆ ಟ್ರಸ್ಟಿಗೂ ಮಾಲೀಕರಿಗೂ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಮಾಲೀಕರು ಆರು ತಿಂಗಳು ನನ್ನ ಕೈಯಿಂದ ಫೋರ್‌ಮನ್ ಕೆಲಸ ತೆಗೆದರು, ಅದು ನ್ಯಾಯವೇ. ಗಾಡಿಯ ಹೊಸ ಶಾಫ್ಟ್ ಕೂಡಿಸಿದವನು ಮಹಾದೇವಪ್ಪ. ಪಕ್ಕದಲ್ಲಿ ಪಾನೆ ಕೊಡುತ್ತ ನಿಂತವನು ನಾನು. ಅವನ ಕ್ಷಮೆ ಕೇಳಲು ನನಗೆ ಎಂಟು ದಿನ ಬೇಕಾಯಿತು. ಬಿಡ್ರಿ, ಟಾರ್ಚ್ ಈ ಕಡೆ ಹಿಡೀರಿ ಎಂದನಷ್ಟೆ.

ಹುದ್ದೆ ತಿರುಗಿ ಬಂದ ಮೇಲೆ ನಿವೃತ್ತಿಯವರೆಗೂ ಒಂದು ಪದ್ಧತಿ ಇಟ್ಟುಕೊಂಡೆ. ಗಾಡಿಯ ಕೆಳಗೆ ಫಿಟ್ಟರನ್ನು ಕರೆದೊಯ್ದು, ಯಾವ ಜಾಯಿಂಟ್ ಎಂದು ಅವನ ಬೆರಳಿನಿಂದಲೇ ಮುಟ್ಟಿಸಿ, ಏನು ಮಾಡುತ್ತಾನೆಂದು ಅವನ ಬಾಯಿಂದಲೇ ಹೇಳಿಸುತ್ತಿದ್ದೆ. ಹೇಳುವವನ ಕೆಲಸ ಹೇಳಿದಲ್ಲಿಗೆ ಮುಗಿಯುವುದಿಲ್ಲ, ಕೇಳಿದವನಿಂದ ತಿರುಗಿ ಕೇಳಿಸಿಕೊಂಡಾಗ ಮುಗಿಯುತ್ತದೆ. ನನ್ನ ಕಸುಬು ನನಗೆ ಕಲಿಸಿದ ಪಾಠ ಇದೊಂದೇ, ಕಲಿತದ್ದು ಇನ್ನೊಬ್ಬರ ಎಲುಬಿನ ಮೇಲೆ.

ಅಪಘಾತವಾದ ನಾಲ್ಕು ತಿಂಗಳ ನಂತರ ಸುನಂದಾ ಸಿಸ್ಟರ್ ಅದೇ ಗಾಡಿಯಲ್ಲಿ ಮತ್ತೆ ಕಾಡಿಗೆ ಹೊರಟರು. ಆ ಸೋಮವಾರ ಬೆಳಿಗ್ಗೆ ಹೋಗಿ ನಿಂತಿದ್ದೆ. ಅವರು ಎಡಗೈಯಿಂದ ಬಾಗಿಲ ಮೇಲಿನ ಹಿಡಿಕೆ ಹಿಡಿಯಲು ನೋಡಿದರು. ಕೈ ಭುಜದ ಮಟ್ಟದಿಂದ ಮೇಲೆ ಏಳಲಿಲ್ಲ. ಖಾಜಾ ಇಳಿದು ಬಂದು ಹತ್ತಿಸಿದ.