ಸುಮಿದಾ ದಂಡೆಯ ಹೂಬೆಂಕಿ

ಮೊನ್ನೆ ಸಂಜೆ ಹಿತ್ತಲಲ್ಲಿ ಕೂತು ಕಾಫಿ ಕುಡಿಯುತ್ತಿದ್ದೆ. ಸಿಡ್ನಿಯ ಗಿರಾವೀನ್‌ನಲ್ಲಿ ಜನವರಿಯ ಸೆಕೆ ಎಂದರೆ ಬಿಸಿಲು ಇಳಿದ ಮೇಲೂ ಇಟ್ಟಿಗೆ ಗೋಡೆ ಬಿಸಿಯಾಗಿಯೇ ಇರುತ್ತದೆ. ಸೊಳ್ಳೆ ಕಾಟ ತಾಳಲಾರದೆ ನನ್ನ ಹೆಂಡತಿ ಸುಮಿತ್ರಾ ಒಂದು ಸೊಳ್ಳೆ ಬತ್ತಿ ಹಚ್ಚಿ, ನನ್ನ ಕುರ್ಚಿಯ ಕೆಳಗಿಟ್ಟು ಒಳಗೆ ಹೋದಳು. ಆ ಹಸಿರು ಸುರುಳಿಯ ಹೊಗೆ ಮೂಗಿಗೆ ಬಡಿದದ್ದೇ ತಡ, ನಾನು ಟೋಕಿಯೋದ ನದಿ ದಂಡೆಯಲ್ಲಿ, ಒಂದು ನೀಲಿ ಟಾರ್ಪಾಲಿನ ಮೇಲೆ, ಬಾಣಬಿರುಸಿಗೆ ಕಾಯುತ್ತಾ, ಕಾಲು ಚಾಚಲು ಜಾಗವಿಲ್ಲದೆ ಕೂತಿದ್ದೆ. ನಿಮಗೂ ಹೀಗಾಗುತ್ತದೆಯೋ ಏನೋ. ಕನ್ನಡಕ ಎಲ್ಲಿಟ್ಟೆ ಎನ್ನುವುದು ನೆನಪಿರುವುದಿಲ್ಲ, ಮೂವತ್ತು ವರ್ಷದ ಹಿಂದಿನ ಹೊಗೆ ನೆನಪಿರುತ್ತದೆ.

ಹಾಗಂತ ನಾನೇನು ಬಾಣಬಿರುಸಿನ ಭಕ್ತನಲ್ಲ. ಮೈಸೂರಿನಲ್ಲಿ ಹುಡುಗನಾಗಿದ್ದಾಗ ಸುರುಸುರುಬತ್ತಿಯನ್ನೂ ಕೈ ಚಾಚಿ, ಮುಖ ಆಚೆ ತಿರುಗಿಸಿಕೊಂಡು ಹಿಡಿಯುತ್ತಿದ್ದವನು. ಆನೆ ಪಟಾಕಿ ಹಚ್ಚುವ ಸರದಿ ನನ್ನದಾದರೆ ಥಟ್ಟನೆ ಬಾಯಾರಿಕೆಯಾಗುತ್ತಿತ್ತು. ನೀರು ಕುಡಿದು ಬರುವಷ್ಟರಲ್ಲಿ ನಮ್ಮಕ್ಕ ಹಚ್ಚಿ ಮುಗಿಸಿರುತ್ತಿದ್ದಳು. ಎಂಬತ್ತರ ದಶಕದ ಕೊನೆಯಲ್ಲಿ ಎಂಜಿನಿಯರ್ ಕೆಲಸಕ್ಕೆಂದು ಮೆಲ್ಬರ್ನಿಗೆ ಬಂದಾಗ, ಇಲ್ಲಿ ಮನೆಮನೆಯಲ್ಲಿ ಪಟಾಕಿ ಹೊಡೆಯುವಂತಿಲ್ಲ ಎಂದು ತಿಳಿದು ಒಳಗೊಳಗೇ ನೆಮ್ಮದಿಪಟ್ಟವನು ಕನ್ನಡದವರಲ್ಲಿ ಬಹುಶಃ ನಾನೊಬ್ಬನೇ.

ನಮ್ಮ ಮಗಳು ಚೈತ್ರ ಹುಟ್ಟಿದ್ದು ಮೆಲ್ಬರ್ನಿನಲ್ಲೇ. ಎರಡು ವರ್ಷ ತುಂಬುವ ಹೊತ್ತಿಗೂ ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಮಗು ಹಟಮಾರಿ ಎಂದುಕೊಂಡೆ, ನಮ್ಮ ಕಡೆಯವರ ಸ್ವಭಾವ. ಒಂದು ದಿನ ಅವಳ ಹಿಂದೆ ಸುಮಿತ್ರಾಳ ಕೈಯಿಂದ ಸ್ಟೀಲ್ ಪಾತ್ರೆ ಜಾರಿ ಬಿತ್ತು. ಮಗು ತನ್ನ ಪಾಡಿಗೆ ಆಡುತ್ತಲೇ ಇತ್ತು. ಆಸ್ಪತ್ರೆಯಲ್ಲಿ ಪರೀಕ್ಷೆಗಳಾದವು. ಎರಡೂ ಕಿವಿ ಕೇಳಿಸುವುದು ಇಲ್ಲವೆನ್ನುವಷ್ಟು ಕಡಿಮೆ ಎಂದರು. ಕಿವಿಗೆ ಮಿಷನ್ ಹಾಕಿದರೂ ಹೆಚ್ಚು ಉಪಯೋಗವಾಗಲಿಲ್ಲ. ಮಾತು ಕಲಿಸಲು ಬಂದಾಕೆ ಒಳ್ಳೆಯ ಹೆಂಗಸು. ಆ ಕಾಲದ ತಿಳಿವಳಿಕೆಯಂತೆ ನಮಗೊಂದು ಬುದ್ಧಿವಾದ ಹೇಳಿದಳು: ಮನೆಯಲ್ಲಿ ಒಂದೇ ಭಾಷೆ ಇರಲಿ, ಎರಡಾದರೆ ಮಗು ಗೊಂದಲಪಡುತ್ತದೆ, ಇಂಗ್ಲಿಷ್ ಸಾಕು.

ಅಂದಿನಿಂದ ನಮ್ಮ ಮನೆಯಲ್ಲಿ ಮಗುವಿನ ಮುಂದೆ ಕನ್ನಡ ನಿಂತಿತು. ಸುಮಿತ್ರಾ ಕನ್ನಡಿಯ ಮುಂದೆ ಮಗುವನ್ನು ಕೂರಿಸಿಕೊಂಡು ತುಟಿಯನ್ನು ಅಗಲಿಸಿ, ಕೂಡಿಸಿ, ನಿಧಾನವಾಗಿ 'ಮಿಲ್ಕ್', 'ಶೂ', 'ಬಾಲ್' ಎನ್ನುತ್ತಿದ್ದಳು. ಮೊದಲು ಅಡುಗೆ ಮಾಡುತ್ತಾ ಸದಾ ಏನಾದರೂ ಗುನುಗುವವಳು. ಅದೂ ನಿಂತುಹೋಯಿತು. ನಿಂತದ್ದು ಯಾವಾಗ ಎಂದು ನನಗೆ ಗೊತ್ತಿಲ್ಲ. ಒಂದು ದಿನ ಮನೆ ತೀರಾ ನಿಶ್ಶಬ್ದವಾಗಿದೆ ಅನಿಸಿತು, ಅಷ್ಟೆ.

ಹಾರುಕೋ ಪರಿಚಯವಾದದ್ದು ನಮ್ಮ ಫ್ಲ್ಯಾಟುಗಳಿಗೆಲ್ಲ ಸೇರಿ ಇದ್ದ ಬಟ್ಟೆ ಒಗೆಯುವ ಕೋಣೆಯಲ್ಲಿ. ಒಂದು ಶನಿವಾರ ನಾನು ಬಕೆಟ್ ಹಿಡಿದು ಹೋದರೆ, ಚೈತ್ರ ತಿರುಗುತ್ತಿದ್ದ ವಾಷಿಂಗ್ ಮಿಷನ್ನಿಗೆ ಕೆನ್ನೆ ಒತ್ತಿಕೊಂಡು ಕಣ್ಣುಮುಚ್ಚಿ ನಿಂತಿದ್ದಾಳೆ. ಅದು ಅವಳ ಹಳೆಯ ಅಭ್ಯಾಸ, ನಾವು ಬೈದು ಬಿಡಿಸಲು ನೋಡುತ್ತಿದ್ದೆವು. ವಿಶೇಷ ಅದಲ್ಲ. ಮಿಷನ್ನಿನ ಇನ್ನೊಂದು ಪಕ್ಕದಲ್ಲಿ, ಮೂವತ್ತೈದರ ಆಸುಪಾಸಿನ ಜಪಾನಿ ಹೆಂಗಸೊಬ್ಬಳು ನೆಲದ ಮೇಲೆ ಮಂಡಿಯೂರಿ, ಅದೇ ರೀತಿ ಕೆನ್ನೆ ಒತ್ತಿಕೊಂಡು, ಕಣ್ಣುಮುಚ್ಚಿ ಕೂತಿದ್ದಾಳೆ! ನನ್ನನ್ನು ಕಂಡು ಗಡಬಡಿಸಿ ಎದ್ದು, ಬಗ್ಗಿ ನಮಸ್ಕರಿಸಿ, ಒಡಕು ಇಂಗ್ಲಿಷಿನಲ್ಲಿ ಹೇಳಿದಳು: "ಕ್ಷಮಿಸಿ. ನಿಮ್ಮ ಮಗಳಿಗೆ ಇದು ಇಷ್ಟ. ಯಾಕೆ ಇಷ್ಟ ಅಂತ ತಿಳಿಯೋಣ ಅಂದುಕೊಂಡೆ."

"ತಿಳಿಯಿತೇ?"

"ಹೂಂ. ಒಳಗೆ ಹಾಡು ಇದೆ."

ನಾವಿಬ್ಬರೂ ಅಷ್ಟು ದಿನ ಬೈಯುತ್ತಿದ್ದೆವೇ ಹೊರತು ಕೆನ್ನೆ ಒತ್ತಿ ನೋಡಿರಲಿಲ್ಲ. ಅವಳು ಹೋದ ಮೇಲೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ನಾನೂ ಒತ್ತಿ ನೋಡಿದೆ. ನನಗೆ ಹಾಡೇನೂ ಕೇಳಿಸಲಿಲ್ಲ, ಸೋಪಿನ ವಾಸನೆ ಬಂತು. ಆದರೂ ಸುಮ್ಮನೆ ಬೈಯುವುದನ್ನು ಬಿಟ್ಟೆ.

ಹಾರುಕೋಳ ಗಂಡ ಯಾವುದೋ ಕಾರಿನ ಕಂಪನಿಯಲ್ಲಿದ್ದ. ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುವವನು. ಅವರಿಗೆ ಮಕ್ಕಳಿರಲಿಲ್ಲ. ಒಂದೂವರೆ ವರ್ಷ ಅವಳು ನಮ್ಮ ಮನೆಗೆ ದಿನವೂ ಬಂದಳು. ಸುಮಿತ್ರಾಳ ಸಾರನ್ನು ಬಟ್ಟಲಲ್ಲಿ ಎತ್ತಿ ಸೊರ್ ಎಂದು ಕುಡಿಯುತ್ತಿದ್ದಳು. ಆಮೇಲೆ ಗಂಡನಿಗೆ ವರ್ಗವಾಗಿ ಟೋಕಿಯೋಗೆ ಹೋದರು. ಮರುವರ್ಷ ನನ್ನ ಆಫೀಸಿನವರು ಅದೇ ಊರಿಗೆ ಜುಲೈ ತಿಂಗಳಲ್ಲಿ ಕೆಲಸದ ಮೇಲೆ ಕಳಿಸುತ್ತಾರೆಂದು ಗೊತ್ತಾದದ್ದೇ ಫೋನಿನಲ್ಲಿ ಹಾರುಕೋಗೆ ತಿಳಿಸಿದೆ. "ಸುಮಿತ್ರಾ, ಚೈತ್ರ ಇಬ್ಬರನ್ನೂ ಕರೆದುಕೊಂಡು ಬನ್ನಿ. ಹನಾಬಿ ತೋರಿಸಬೇಕು," ಎಂದಳು. ಹನಾ ಎಂದರೆ ಹೂವು, ಬಿ ಎಂದರೆ ಬೆಂಕಿ. ನಮ್ಮ ಹೂಕುಂಡ ನೆನಪಾಗಿ ನನಗೆ ಖುಷಿಯಾಯಿತು. ಸುಮಿತ್ರಾಳಿಗೆ ಆಗಲಿಲ್ಲ.

"ಕಿವಿ ಕೇಳದ ಮಗೂನ ಪಟಾಕಿ ನೋಡಕ್ಕೆ ಕರ್ಕೊಂಡು ಹೋಗೋದಾ? ಎಲ್ರೂ ಬೆಚ್ಚಿಬೀಳ್ತಾರೆ, ಇವಳೊಬ್ಬಳು ಬೆಪ್ಪಾಗಿ ನಿಂತಿರ್ತಾಳೆ. ನನಗೆ ಅದನ್ನ ನೋಡಕ್ಕಾಗಲ್ಲ ರೀ."

"ಬೆಳಕಾದರೂ ನೋಡ್ತಾಳಲ್ಲ."

"ನೀವು ಯಾವತ್ತಿಂದ ಪಟಾಕಿ ಪರವಾಗಿ ಮಾತಾಡೋರಾದ್ರಿ!" ಎಂದಳು. ಕೊನೆಗೆ ಹೊರಟಿದ್ದು ಹಾರುಕೋಳನ್ನು ನೋಡುವ ಆಸೆಗೆ.

ಮೆಲ್ಬರ್ನಿನ ಜುಲೈ ಚಳಿಯಿಂದ ಉಣ್ಣೆ ಸ್ವೆಟರು ತೊಟ್ಟು ಹೊರಟ ನಾವು ಟೋಕಿಯೋದಲ್ಲಿ ಇಳಿದಾಗ ಇಡ್ಲಿ ಪಾತ್ರೆಯೊಳಗೆ ಕಾಲಿಟ್ಟಂತಾಯಿತು. ಅಲ್ಲಿ ಅದು ನಡುಬೇಸಿಗೆ. ಆ ಶನಿವಾರ ಊರಿಗೆ ಊರೇ ಸುಮಿದಾ ನದಿಯ ಕಡೆ ನಡೆಯುತ್ತಿತ್ತು. ಹೆಂಗಸರು, ಗಂಡಸರು ಹೂವಿನ, ಮೀನಿನ ಚಿತ್ರದ ತೆಳು ಹತ್ತಿ ನಿಲುವಂಗಿ ತೊಟ್ಟು, ಸೊಂಟಪಟ್ಟಿಗೆ ಬೀಸಣಿಗೆ ಸಿಕ್ಕಿಸಿಕೊಂಡು, ಮರದ ಚಪ್ಪಲಿ ಟಕಟಕ ಎನಿಸುತ್ತಾ ಹೋಗುತ್ತಿದ್ದರು. ಹಾರುಕೋ ಚೈತ್ರಳಿಗೂ ಒಂದು ಪುಟ್ಟ ನಿಲುವಂಗಿ ಹೊಲಿದಿಟ್ಟಿದ್ದಳು, ನೀಲಿಯ ಮೇಲೆ ಬಿಳಿ ಮೊಲ. ಅವಳ ಗಂಡ ಬೆಳಿಗ್ಗೆಯೇ ಹೋಗಿ ದಂಡೆಯಲ್ಲಿ ಟಾರ್ಪಾಲು ಹಾಸಿ ಜಾಗ ಹಿಡಿದು ಕಾಯುತ್ತಿದ್ದ. ನಮ್ಮೂರ ಬಸ್ಸಿನ ಸೀಟಿಗೆ ಕರ್ಚೀಫು ಹಾಕುವ ವಿದ್ಯೆ ಸಮುದ್ರ ದಾಟಿದೆ ಎಂದುಕೊಂಡೆ.

ಸುತ್ತ ಸುಟ್ಟ ಮೀನಿನ ವಾಸನೆ. ನಾನು ಉಸಿರು ಬಿಗಿಹಿಡಿದೆ. ಹಾರುಕೋ ನಮಗಾಗಿ ಅನ್ನದ ಉಂಡೆ ಮಾಡಿ ತಂದಿದ್ದಳು, ಒಳಗೆ ಉಪ್ಪಿನಲ್ಲಿ ಊರಿಸಿದ ಹುಳಿಹುಳಿ ಹಣ್ಣು. ಮೊಸರು ಹಾಕುವುದನ್ನು ಮರೆತ ಮೊಸರನ್ನ. ಪ್ರತಿ ಗುಂಪಿನ ನಡುವೆಯೂ ಸೊಳ್ಳೆ ಬತ್ತಿ ಉರಿಯುತ್ತಿತ್ತು. ಕತ್ತಲು ಕವಿಯುತ್ತಿದ್ದಂತೆ ಹಾರುಕೋ ತನ್ನ ಚೀಲದಿಂದ ಒಂದು ಬಲೂನು ತೆಗೆದು, ಊದಿ, ಚೈತ್ರಳ ತೋಳಿಗೆ ಕೊಟ್ಟಳು. ತಬ್ಬಿಕೋ ಎಂದು ಸನ್ನೆ ಮಾಡಿದಳು. ಐದು ವರ್ಷದ ಮಗು, ಆಟದ ಸಾಮಾನು ಎಂದುಕೊಂಡು ತಬ್ಬಿಕೊಂಡಿತು.

ಮೊದಲನೆಯದು ಒಂದು ಕಿಡಿಯಾಗಿ ಮೇಲೇರಿತು. ಎಷ್ಟು ಮೇಲೆ ಎಂದರೆ, ಠುಸ್ ಆಯಿತೇನೋ ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಆಕಾಶದ ತುಂಬ ಒಂದು ಸೇವಂತಿಗೆ ಅರಳಿತು. ದಳದ ತುದಿಗಳು ಕೆಂಪಾಗಿ, ಆಮೇಲೆ ಹಸಿರಾಗಿ ಇಳಿದವು. ಚೈತ್ರ ಬಾಯಿಬಿಟ್ಟು ನೋಡುತ್ತಿದ್ದಳು. ಆಗ ಶಬ್ದ ಬಂತು.

ಅದನ್ನು ಶಬ್ದ ಎನ್ನಬೇಕೋ ಬೇಡವೋ. ನೆಲದಿಂದ, ನೀರಿನಿಂದ, ಮನುಷ್ಯರ ಮೈಯಿಂದ ಒಟ್ಟಿಗೇ ಎದ್ದ ಹಾಗಿತ್ತು. ನಾನು ಹಳೆಯ ಅಭ್ಯಾಸದಂತೆ ಕಿವಿ ಮುಚ್ಚಿಕೊಂಡೆ. ಚೈತ್ರ ಬೆಚ್ಚಿದಳು. ತೋಳಲ್ಲಿ ಅದುರುತ್ತಿದ್ದ ಬಲೂನನ್ನು ನೋಡಿದಳು. ಆಮೇಲೆ ನಿಲುವಂಗಿಯ ಕೊರಳನ್ನು ಎಳೆದು ತನ್ನ ಎದೆಯೊಳಗೆ ಇಣುಕಿ ನೋಡಿದಳು, ಯಾರಾದರೂ ಹೊಕ್ಕಿದ್ದಾರೇನೋ ಎಂಬಂತೆ.

ಎರಡನೆಯದು ಬಂತು, ಮೂರನೆಯದು ಬಂತು. ಮಗು ಬಲೂನನ್ನು ಹಾರುಕೋಗೆ ಕೊಟ್ಟು, ನನ್ನ ಕೈಗಳನ್ನು ಕಿವಿಯಿಂದ ಬಿಡಿಸಿ, ತನ್ನ ಅಂಗೈಯನ್ನು ನನ್ನ ಎದೆಯ ಮೇಲಿಟ್ಟಿತು. ಕಾಯಿತು. ದಮ್ ಎಂದಿತು. ಅವಳ ಕಣ್ಣು ಅರಳಿದ್ದನ್ನು ನಾನು ಹೇಗೆ ಹೇಳಲಿ! ನಮಗೆ ಬರುತ್ತಿದ್ದ ಅಷ್ಟಿಷ್ಟು ಕೈಭಾಷೆಯಲ್ಲಿ ಕೇಳಿದಳು: "ನಿನಗೂ?"

"ನನಗೂ," ಎಂದೆ.

"ಎಲ್ಲರಿಗೂ?"

"ಎಲ್ಲರಿಗೂ."

ನಂಬಲಿಲ್ಲ. ಹಾರುಕೋಳ ಎದೆ ಮುಟ್ಟಿ ನೋಡಿದಳು, ಅವಳ ಗಂಡನದು ನೋಡಿದಳು. ಪಕ್ಕದ ಟಾರ್ಪಾಲಿನಲ್ಲಿ ತಲೆಗೆ ಟವೆಲ್ಲು ಸುತ್ತಿಕೊಂಡು ಬೀರು ಕುಡಿಯುತ್ತಿದ್ದ ಮುದುಕರೊಬ್ಬರ ಬಳಿ ನಡೆದು ಅವರ ಎದೆಗೂ ಕೈಯಿಟ್ಟಳು. ನಾನು ನಾಚಿ ಎಳೆಯಹೋದೆ. ಹಾರುಕೋ ಅವರಿಗೆ ಏನೋ ಹೇಳಿದಳು. ಮುದುಕರು ಗ್ಲಾಸು ಕೆಳಗಿಟ್ಟು, ನೆಟ್ಟಗೆ ಕೂತು, ಮುಂದಿನದಕ್ಕೆ ಎದೆ ಸೆಟೆಸಿ ಕಾದರು.

ಹುಟ್ಟಿದಾಗಿನಿಂದ ಎಲ್ಲರಿಗೂ ತಿಳಿದು ತನಗೊಬ್ಬಳಿಗೇ ತಿಳಿಯದ ಏನೋ ಒಂದು ಸುತ್ತಲೂ ನಡೆಯುತ್ತಿದೆ ಎಂದು ಆ ಮಗುವಿಗೆ ಅನಿಸುತ್ತಿತ್ತೋ ಏನೋ. ಆ ಸಂಜೆ ಲಕ್ಷಾಂತರ ಜನಕ್ಕೆ ಆದದ್ದೇ ಅವಳಿಗೂ ಆಯಿತು, ಅದೇ ಗಳಿಗೆಯಲ್ಲಿ. ದೊಡ್ಡ ಹೂ ಅರಳಿದಾಗಲೆಲ್ಲ ಜನ ಒಂದೇ ದನಿಯಲ್ಲಿ "ತಮಾಯಾ!" ಎಂದು ಕೂಗುತ್ತಿದ್ದರು. ಹಿಂದಿನ ಕಾಲದ ಬಾಣಬಿರುಸಿನವರ ಮನೆತನದ ಹೆಸರಂತೆ ಅದು, ಭೇಷ್ ಎಂದ ಹಾಗೆ. ಸ್ವಲ್ಪ ಹೊತ್ತಿಗೆ ಚೈತ್ರ ಬೆಳಕಿಗೂ ದಮ್‌ಗೂ ನಡುವಿನ ಬಿಡುವನ್ನು ಹಿಡಿದುಬಿಟ್ಟಿದ್ದಳು. ಬೆಳಕು ಮೊದಲು, ದಮ್ ಆಮೇಲೆ, ಯಾಕೆ? ದಮ್ ನಿಧಾನಕ್ಕೆ ನಡೆದು ಬರುತ್ತದೆ ಎಂದೆ. ಹೊಗೆ ಸರಿದ ಕಡೆ ಎರಡು ನಕ್ಷತ್ರ ಕಾಣುತ್ತಿದ್ದವು. ಅವನ್ನು ತೋರಿಸಿ ಕೇಳಿದಳು: "ಅವುಗಳದ್ದು ಇನ್ನೂ ಬಂದಿಲ್ಲವಾ?"

ಎಂಜಿನಿಯರ್ ಆದ ನಾನು ಅದಕ್ಕೆ ಕೊಡಬೇಕಾದ ಉತ್ತರ ಕೊಡಲಿಲ್ಲ. ಇನ್ನೂ ಇಲ್ಲ ಎಂದೆ.

ಮೆಲ್ಬರ್ನಿಗೆ ಮರಳಿದ ವಾರವೇ ಸುಮಿತ್ರಾ ಅಡುಗೆಮನೆಯಲ್ಲಿ ಮಗಳಿಗೆ "ಬಾರೇ, ಊಟ ಮಾಡು ಬಾ" ಎಂದದ್ದು ಕೇಳಿಸಿತು. ಮಾತು ಕಲಿಸುವಾಕೆ ಏನೆಂದಾಳು ಎಂದೆ. "ಹೆಂಗೂ ಕೇಳಲ್ಲ ಅಂದಮೇಲೆ ಕನ್ನಡದಲ್ಲೇ ಕೇಳದೇ ಇರಲಿ ಬಿಡಿ," ಎಂದಳು. ಕೈಭಾಷೆಯನ್ನೂ ತರಗತಿಗೆ ಸೇರಿ ಸರಿಯಾಗಿ ಕಲಿತಳು. ಕೆಲವು ವರ್ಷಗಳ ಮೇಲೆ ಸಿಡ್ನಿಗೆ ಬಂದೆವು. ಹೊಸವರ್ಷಕ್ಕೆ ಬಂದರಿನ ಬಾಣಬಿರುಸು ನೋಡಲು ಚೈತ್ರ ನಮ್ಮನ್ನು ಎಳೆದುಕೊಂಡು ಹೋಗುತ್ತಿದ್ದಳು. ಈಗ ಅವಳಿಗೆ ಮ್ಯಾಕ್ವೆರಿ ಪಾರ್ಕ್‌ನಲ್ಲಿ ಕೆಲಸ, ಕ್ವೇಕರ್ಸ್ ಹಿಲ್‌ನಲ್ಲಿ ಮನೆ. ತುಟಿ ನೋಡಿ ಇಂಗ್ಲಿಷ್ ಪೂರಾ, ಕನ್ನಡ ಮುಕ್ಕಾಲು ಹಿಡಿಯುತ್ತಾಳೆ; ಉತ್ತರ ಇಂಗ್ಲಿಷಿನಲ್ಲಿ, ಅರ್ಧ ಬಾಯಲ್ಲಿ ಅರ್ಧ ಕೈಯಲ್ಲಿ.

ಇದನ್ನೆಲ್ಲ ನೆನೆಸಿಕೊಂಡ ಮೇಲೆ ನನಗೊಂದು ಕುತೂಹಲ ಹುಟ್ಟಿತು. ಇದು ನನ್ನ ನೆನಪು, ಅವಳದ್ದೇನು? ಭಾನುವಾರ ಅವಳು ಊಟಕ್ಕೆ ಬಂದಾಗ ಕೇಳಿಯೇಬಿಟ್ಟೆ. ಸೇವಂತಿಗೆ, ಬಲೂನು, ಟವೆಲ್ಲಿನ ಮುದುಕರು, ಎಲ್ಲ ವರ್ಣಿಸಿದೆ.

"ಫೈರ್‌ವರ್ಕ್ಸ್ ಅಷ್ಟು ನೆನಪಿಲ್ಲ ಅಪ್ಪಾ," ಎಂದಳು, ಎಂದಿನಂತೆ ಇಂಗ್ಲಿಷಿನಲ್ಲಿ. "ಅಮ್ಮ ನೆನಪಿದ್ದಾಳೆ."

"ಅಮ್ಮನಾ? ಅಮ್ಮ ನನ್ನ ಹಿಂದೆ ಸುಮ್ಮನೆ ಕೂತಿದ್ದಳಲ್ಲ."

"ಸುಮ್ಮನೆ ಎಲ್ಲಿ? ನೀನು ಮೇಲೆ ನೋಡ್ತಿದ್ದೆ. ಮನೆಯಲ್ಲಿ ಅಮ್ಮನ ಬಾಯಿ ಯಾವಾಗಲೂ ಪಾಠದ ಬಾಯಿ, ಸ್ಲೋ ಸ್ಲೋ. ಅವತ್ತು ಎಲ್ಲರೂ ಕೂಗಿದಾಗ ಅಮ್ಮನೂ ಎದ್ದು ನಿಂತು ಕೂಗಿದಳು. ಇಷ್ಟು ದೊಡ್ಡ ಬಾಯಿ. ಅಮ್ಮನಿಗೆ ಅಂಥ ಬಾಯಿ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಅದೊಂದೇ ನೆನಪು."

ಸುಮಿತ್ರಾ ಮೊಸರಿನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಹೌದೇನೇ? ತಮಾಯಾ ಅಂತ ಕೂಗಿದೆಯಾ?" ಎಂದೆ.

"ಅದೆಲ್ಲ ನನಗೆಲ್ಲಿ ನಾಲಿಗೆ ಹೊರಳ್ತಿತ್ತು," ಎಂದಳು. ಮಗಳು ತನ್ನ ತುಟಿ ನೋಡುತ್ತಿರುವುದನ್ನು ಖಚಿತ ಮಾಡಿಕೊಂಡು, "ನಿನ್ನ ಹೆಸರು ಕೂಗಿದೆ ಕಣೇ. ಕೇಳಲ್ಲ ಅಂತ ಗೊತ್ತಾದ ಮೇಲೆ ಮೂರು ವರ್ಷ ಜೋರಾಗಿ ಕರೆದೇ ಇರಲಿಲ್ಲ. ಅಷ್ಟು ಜನರ ಮಧ್ಯೆ ಯಾರಿಗೆ ಕೇಳುತ್ತೆ ಅಂತ ಕೂಗಿಬಿಟ್ಟೆ," ಎಂದಳು.

ಚೈತ್ರ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಕೈಯಲ್ಲಿ ಹೇಳಿದಳು: "ಈಗ ಕೂಗು. ಹಾಗೇ."

"ಸುಮ್ನಿರೇ, ಪಕ್ಕದ ಮನೆಯವರು ಪೊಲೀಸಿಗೆ ಫೋನ್ ಮಾಡ್ತಾರೆ!"

"ಕೂಗು."

ಸುಮಿತ್ರಾ ನನ್ನ ಕಡೆ ನೋಡಿದಳು. ಈ ಸಲ ನಾನೂ ಅವಳನ್ನೇ ನೋಡುತ್ತಿದ್ದೆ. ಪಾತ್ರೆಯನ್ನು ಮೇಜಿನ ಮೇಲಿಟ್ಟು, ಸೆರಗಿಗೆ ಕೈ ಒರೆಸಿ, ಎಪ್ಪತ್ತರ ಹತ್ತಿರದ ನನ್ನ ಹೆಂಡತಿ ಉಸಿರೆಳೆದುಕೊಂಡು, ಬೀದಿಯ ಕೊನೆಯಲ್ಲಿ ಆಡುತ್ತಿರುವ ಮಗುವನ್ನು ಕರೆಯುವ ಹಾಗೆ ಕೂಗಿದಳು.

"ಚೈತ್ರಾ..!"

ಪಕ್ಕದ ಮನೆಯ ನಾಯಿ ಬೊಗಳತೊಡಗಿತು. ಮಗಳು ಕುರ್ಚಿ ಹಿಂದೆ ಸರಿಸಿ ಎದ್ದಳು. ತನಗೇ ಕೇಳಿಸದ ದನಿಯಲ್ಲಿ, ಸ್ಪಷ್ಟವಾಗಿ, ಕನ್ನಡದಲ್ಲಿ ಹೇಳಿದಳು:

"ಬಂದೆ ಅಮ್ಮಾ."