ಬೊಳ್ಳಿಗೆ ಅಕ್ಕಚ್ಚು ಬೇಕಿತ್ತು

ಕಳೆದ ವಾರ ನಾನು ದೇಯಕ್ಕನನ್ನು ಕಳ್ಳಿ ಎಂದು ಬೈದೆ. ಅದೂ ನಮ್ಮ ಗೇಟಿನಲ್ಲಿ ನಿಂತು, ಇಡೀ ಕೊಡಿಯಾಲ್‌ಬೈಲಿಗೆ ಕೇಳುವ ಹಾಗೆ. (ಬೈದದ್ದು ತುಳುವಿನಲ್ಲಿ. ನಮಗೆ ಸಿಟ್ಟು ಬರುವುದು ಆ ಭಾಷೆಯಲ್ಲೇ. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅರ್ಧ ಖಾರ ಕಡಿಮೆಯಾಗಿದೆ.)

ದೇಯಕ್ಕ ನಮ್ಮ ಹಾಲಿನವಳು. ಪಕ್ಕದ ಬಿಜೈಯಿಂದ ದಿನಾ ಬೆಳಿಗ್ಗೆ ದನವನ್ನೇ ಹಿಡಿದುಕೊಂಡು ಬರುತ್ತಾಳೆ. ಹೌದು, ಹಾಲನ್ನಲ್ಲ, ದನವನ್ನು! ನಮ್ಮ ಪೇಟೆಯ ಜನಕ್ಕೆ ಹಾಲು ಕಣ್ಣೆದುರೇ ಕರೆಯಬೇಕು, ಇಲ್ಲದಿದ್ದರೆ ಅದರಲ್ಲಿ ಬಾವಿ ಕಾಣಿಸುತ್ತದೆ. ನನ್ನ ಅಪ್ಪನಂತೂ ಕನ್ನಡಕ ಮೂಗಿಗಿಳಿಸಿಕೊಂಡು ಚೊಂಬಿನ ಪಕ್ಕದಲ್ಲೇ ನಿಲ್ಲುತ್ತಿದ್ದರು, ಇನ್‌ಸ್ಪೆಕ್ಟರ್ ಹಾಗೆ. ಕರೆದು ಮುಗಿದ ಮೇಲೆ ಅಂಗಳದ ಸೆಗಣಿಗಾಗಿ ದೇಯಕ್ಕನಿಗೆ ಎರಡು ಮಾತು. ಇದು ನಮ್ಮ ಮನೆಯ ಸುಪ್ರಭಾತ.

ದನದ ಹೆಸರು ಬೊಳ್ಳಿ. ಬೊಳ್ಳಿ ಎಂದರೆ ಬೆಳ್ಳಿ. ಆದರೆ ದನ ಮಾತ್ರ ಕಪ್ಪು. ಹಣೆಯಲ್ಲೊಂದು ಬಿಳಿ ಬೊಟ್ಟು ಉಂಟು, ಅಷ್ಟಕ್ಕೇ ಆ ಹೆಸರು! ಅದರ ಸುತ್ತಿನಲ್ಲಿ ನಮ್ಮದು ಮೊದಲನೆಯ ಮನೆ. ನಮ್ಮ ಅಮ್ಮ ಬಾಲ್ದಿ ಹಿಡಿದು ಹೊರಗೆ ಬರುತ್ತಿದ್ದಳು. ಅಕ್ಕಿ ತೊಳೆದ ನೀರು, ಮೇಲೊಂದು ಹಿಡಿ ತೌಡು, ಬಾಳೆಹಣ್ಣಿನ ಸಿಪ್ಪೆ. ಇದೇ ಅಕ್ಕಚ್ಚು. ಬೊಳ್ಳಿ ಅದನ್ನು ಹೀರಿ, ಅಮ್ಮನ ಕೈ ನೆಕ್ಕಿ, ಆಮೇಲೆ ಹಾಲು ಇಳಿಸುತ್ತಿತ್ತು. ನಮ್ಮಲ್ಲಿ ಒಮ್ಮೆ ಇಳಿಸಿದರೆ ಉಳಿದ ಮನೆಗಳಲ್ಲಿ ತಕರಾರು ಇಲ್ಲ.

ಈಗ ಕೆಟ್ಟ ಸುದ್ದಿ. ಕಳೆದ ತಿಂಗಳು ಅಪ್ಪ ತೀರಿಕೊಂಡರು. ಜ್ವರ ಎಂದು ಮಲಗಿದವರು ಏಳಲಿಲ್ಲ. ಈ ಅಂಕಣ ಕೆಲವು ವಾರ ಕಾಣದೇ ಇದ್ದದ್ದು ಅದಕ್ಕೇ. ಕಾಗದ ಬರೆದು ವಿಚಾರಿಸಿದ ಓದುಗರಿಗೆಲ್ಲ ಕೈಮುಗಿಯುತ್ತೇನೆ.

ಸೂತಕದ ಮನೆಗೆ ದನ ಕಾಲಿಡಬಾರದು ಎಂದು ನಮ್ಮ ದೊಡ್ಡಮ್ಮನ ಅಪ್ಪಣೆಯಾಯಿತು. ಆಯಿತಪ್ಪ, ಬೇಡ. ಬೊಜ್ಜದ (ಉತ್ತರಕ್ರಿಯೆಯ) ದಿನ ಊಟ ಬಡಿಸಿ, ನೆಂಟರನ್ನು ಕಳಿಸಿ, ಸೂತಕ ಕಳೆದದ್ದೂ ಆಯಿತು. ದೊಡ್ಡಮ್ಮ ಊರಿಗೆ ಹೊರಟರು. ನನ್ನ ಹೆಂಡತಿ ಹೆರಿಗೆಗೆಂದು ತವರಿನಲ್ಲಿದ್ದಾಳೆ. ಮನೆಯಲ್ಲಿ ಉಳಿದದ್ದು ಅಮ್ಮ ಮತ್ತು ನಾನು.

ಅಮ್ಮ ಮೂಲೆ ಹಿಡಿದಳು.

ಅತ್ತಿದ್ದರೆ ಚೆನ್ನಾಗಿತ್ತು. ಅಳಲಿಲ್ಲ. ಮಾತೂ ಇಲ್ಲ, ಊಟವೂ ಇಲ್ಲ. ಒಳಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದರೆ ಅಷ್ಟೇ. ಪಕ್ಕದ ಮನೆಯ ಸೀತಕ್ಕ ದಿನಾ ಎರಡು ಹೊತ್ತು ಗಂಜಿ, ಚಟ್ನಿ ಕಳಿಸಿದರು. (ಅದನ್ನು ನಾನು ತಿಂದೆ.) ಡಾಕ್ಟರ್ ದೊಡ್ಡ ಬಾಟಲಿಯಲ್ಲಿ ಟಾನಿಕ್ ಕೊಟ್ಟರು. ದೊಡ್ಡಮ್ಮ ತೀರ್ಥಪ್ರಸಾದ ಕಳಿಸಿದರು. ನಾನು ಉಪದೇಶ ಕೊಟ್ಟೆ. ನಿಮಗೆ ವಾರಕ್ಕೊಮ್ಮೆ ಕೊಡುವುದನ್ನು ಅಮ್ಮನಿಗೆ ದಿನಾ ಕೊಟ್ಟೆ ಎಂದರೆ ನೀವೇ ಯೋಚನೆ ಮಾಡಿ, ಪಾಪ! ಯಾವುದೂ ತಾಗಲಿಲ್ಲ. ಕೆನ್ನೆ ಒಳಗೆ ಹೋಯಿತು. ಬಳೆ ಇಲ್ಲದ ಕೈ ಕಡ್ಡಿಯಾಯಿತು. ಡಾಕ್ಟರ್ ನನ್ನನ್ನು ಜಗಲಿಗೆ ಕರೆದು, "ಹೊಟ್ಟೆಗೆ ಏನಾದ್ರೂ ಹೋಗಬೇಕು ಮಾರಾಯ್ರೆ. ಹೀಗೇ ಆದ್ರೆ ನಾನು ಎಂತ ಹೇಳ್ಲಿಕ್ಕೂ ಆಗುವುದಿಲ್ಲ" ಎಂದರು. ಒಂದೇ ತಿಂಗಳಲ್ಲಿ ಇಬ್ಬರನ್ನೂ ಕಳೆದುಕೊಳ್ಳುತ್ತೇನೆಯೇ?

ಆಗ ನಾನೊಂದು ದೊಡ್ಡ ಬುದ್ಧಿವಂತಿಕೆ ಮಾಡಿದೆ. ಅಮ್ಮನಿಗೆ ರೆಸ್ಟ್ ಬೇಕು, ಮುಂಜಾನೆ ದನದ ಬೊಬ್ಬೆ ಬೇಡ. ದೇಯಕ್ಕನಿಗೆ ಹೇಳಿದೆ: "ಇನ್ನು ಕೆಲವು ದಿನ ದನ ತರಬೇಡ. ಮನೆಯಲ್ಲೇ ಕರೆದು ಚೊಂಬಿನಲ್ಲಿ ತಂದು ಕೊಡು."

ತಂದಳು. ಹಾಲು ದಿನದಿಂದ ದಿನಕ್ಕೆ ನೀಲಿಯಾಗುತ್ತ ಬಂತು. ಸೀತಕ್ಕನಲ್ಲಿಗೆ ಕಳಿಸಿ ಕಾಯಿಸಿದರೆ ಕೆನೆ ಇಲ್ಲ. ಇನ್‌ಸ್ಪೆಕ್ಟರ್ ಹೋದರೆಂದು ಇವಳಿಗೆ ಧೈರ್ಯ ಬಂತಾ? ನನ್ನ ಪಿತ್ತ ನೆತ್ತಿಗೇರಿತು. ಮೊದಲೇ ಹೇಳಿದ ಬೈಗುಳ ಅದೇ.

ದೇಯಕ್ಕ ಚೊಂಬು ಕೆಳಗಿಟ್ಟಳು. "ನಾನು ಒಂದು ಹನಿ ನೀರು ಹಾಕಲಿಲ್ಲ ಅಣ್ಣ. ಇದು ಬೊಳ್ಳಿಯ ಹಾಲೇ ಅಲ್ಲ. ಆಚೆ ಮನೆಯಿಂದ ಕೇಳಿ ತಂದದ್ದು."

"ಬೊಳ್ಳಿಗೆ ಎಂತ ಆಯ್ತು?"

"ಹಾಲು ಇಳಿಸುವುದಿಲ್ಲ. ಕರು ಬಿಟ್ರೂ ಇಲ್ಲ, ಬೆನ್ನು ಸವರಿದ್ರೂ ಇಲ್ಲ. ಹುಲ್ಲು ಮೂಸಿ ಬಿಡ್ತದೆ. ಉಳಿದ ಮನೆಗಳಿಗೆ ಕರ್ಕೊಂಡು ಹೊರಟ್ರೆ ನಿಮ್ಮ ರಸ್ತೆಗೇ ಎಳೀತದೆ. ನಾನು ಹೊಡೆದು ಬೇರೆ ಓಣಿಯಲ್ಲಿ ಕರ್ಕೊಂಡು ಹೋದೆ. ಹೊಡೆದೆ ಅಣ್ಣ, ಬೊಳ್ಳಿಗೆ ನಾನು ಯಾವತ್ತೂ ಹೊಡೆದವಳಲ್ಲ." ಅವಳ ಕಣ್ಣು ತುಂಬಿತು. "ಹೀಗೇ ಆದ್ರೆ ಹಾಲು ಬತ್ತಿ ಹೋಗ್ತದೆ. ಒಮ್ಮೆ ನಿಮ್ಮ ಅಮ್ಮ ಅದರ ಕಣ್ಣಿಗೆ ಬಿದ್ರೆ ಸಾಕಿತ್ತು."

ಎದ್ದು ಕೂತುಕೊಳ್ಳಲಿಕ್ಕೇ ತ್ರಾಣ ಇಲ್ಲದವಳು ದನದ ಎದುರು ನಿಲ್ಲುವುದುಂಟಾ? ಆಗುವುದಿಲ್ಲ ಎಂದೆ. ಗೇಟು ಹಾಕಿದೆ.

ದೇಯಕ್ಕ ನನ್ನ ಮಾತು ಕೇಳಲಿಲ್ಲ. ದೇವರು ಅವಳನ್ನು ಚೆನ್ನಾಗಿಟ್ಟಿರಲಿ. ಮರುದಿನ ಬೆಳಿಗ್ಗೆ ನಾನು ಜಗಲಿಯಲ್ಲಿ ಸೀತಕ್ಕನ ಮನೆಯ ಕಾಫಿ ಹಿಡಿದು ಕೂತಿದ್ದೆ. "ಅಂಬಾ!" ಎಂತಹ ಸ್ವರ ಅದು! ನೋಡುತ್ತೇನೆ, ಹಗ್ಗದ ಒಂದು ತುದಿಯಲ್ಲಿ ಬೊಳ್ಳಿ, ಇನ್ನೊಂದು ತುದಿಯಲ್ಲಿ ಜೋತಾಡುತ್ತ ದೇಯಕ್ಕ. ಎದ್ದು ಹೋಗುವುದರೊಳಗೆ ಬೊಳ್ಳಿ ತಲೆಯಿಂದ ಗೇಟು ದೂಡಿ ಒಳಗೆ ಬಂದಾಯಿತು. ನನ್ನ ಕ್ರೋಟನ್ ಗಿಡದ ಚಟ್ಟಿ ಚೂರು ಚೂರು. ನಾನು ಕೊಡೆ ಹಿಡಿದು "ಹೋ, ಹೋ" ಎಂದು ಓಡಿದೆ. ಅದು ನನ್ನನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಮೆಟ್ಟಿಲಿನವರೆಗೆ ಬಂದು, ಕತ್ತು ಚಾಚಿ, ಒಳಕೋಣೆಯ ಕಡೆ ಮುಖ ಮಾಡಿ ಇನ್ನೊಮ್ಮೆ ಕೂಗಿತು.

"ಅದಕ್ಕೆ ಯಾಕೆ ಬೊಬ್ಬೆ ಹಾಕ್ತಿ? ಅಕ್ಕಚ್ಚು ಕೊಟ್ಟಿದ್ದಿಯಾ?"

ಹಿಂದಿನಿಂದ ಬಂದ ಸ್ವರ. ತಿರುಗಿದೆ. ಬಾಗಿಲಿನ ದಾರಂದ ಹಿಡಿದುಕೊಂಡು ಅಮ್ಮ ನಿಂತಿದ್ದಳು! ಎಷ್ಟು ದಿನದ ಮೇಲೆ ಕೇಳಿದ ಸ್ವರ!

"ಅಯ್ಯೋ, ಎಲುಬು ಕಾಣ್ತದಲ್ಲ ದೇಯಿ! ಎಂತ, ಇದಕ್ಕೆ ಹುಲ್ಲು ಹಾಕುವುದಿಲ್ಲವಾ ನೀನು?" (ತನ್ನ ಎಲುಬು ಯಾರಿಗೂ ಕಾಣುವುದಿಲ್ಲ ಎಂದು ಅಂದಾಜು!)

ಗೋಡೆ ಹಿಡಿದುಕೊಂಡು ಅಡಿಗೆಮನೆಗೆ ಹೋದಳು. ನಾನು ಹಿಂದೆ ಹಿಂದೆ. ಬಾಲ್ದಿ ಒಣಗಿ ಬಿದ್ದಿತ್ತು. ಒಲೆಯಲ್ಲಿ ತಣ್ಣಗಿನ ಬೂದಿ. "ಅಕ್ಕಚ್ಚು ಎಲ್ಲಿ?" ಎಂದಳು. ಎಲ್ಲಿಂದ ಬರಬೇಕು? ಊಟ ಸೀತಕ್ಕನ ಮನೆಯದು. ನಮ್ಮಲ್ಲಿ ಅಕ್ಕಿ ತೊಳೆದವರೇ ಇಲ್ಲ.

ಅಮ್ಮ ನನ್ನನ್ನೊಮ್ಮೆ ನೋಡಿದಳು. "ಮನೆಯಲ್ಲಿ ಒಲೆ ಹಚ್ಚದೆ ಇಷ್ಟು ದಿನ ಆಯ್ತಾ ಮಗ?" ಎಂದಳು. ಮೆಲ್ಲಗೆ ಹೇಳಿದಳು. ಕುಚ್ಚಿಲಕ್ಕಿ ಅಳೆದು ಹಾಕಿ, ಗೋಡೆಗೆ ಒರಗಿಕೊಂಡೇ ತೊಳೆದಳು. ನಾನು ಮಾಡ್ತೇನೆ ಅಮ್ಮ ಎಂದರೆ, "ನಿನಗೆ ಎಂತ ಗೊತ್ತುಂಟು, ತೌಡಿನ ಡಬ್ಬಿ ತೆಗಿ" ಎಂದು ಗದರಿದಳು. ಆ ಗದರಿಕೆ ಕೇಳಿ ನನಗೆ ಅಳು ಬಂತು. ಮುಚ್ಚಿಡುವುದು ಯಾಕೆ?

ಬಾಲ್ದಿಯನ್ನು ನಾನೇ ಹೊತ್ತು ಅಂಗಳಕ್ಕೆ ತಂದೆ. ಬೊಳ್ಳಿ ಅದಕ್ಕೆ ಬಾಯಿಯೇ ಹಾಕಲಿಲ್ಲ. ಮೊದಲು ಅಮ್ಮನ ಕೈ ಮೂಸಿತು, ಸೆರಗು ಮೂಸಿತು, ಬರಿಗೈಯ ಮಣಿಕಟ್ಟು ನೆಕ್ಕಿತು. ಅಮ್ಮ ಅದರ ಕುತ್ತಿಗೆಗೆ ಕೈ ಹಾಕಿ, "ಅವರು ಹೋದ್ರು ಬೊಳ್ಳಿ" ಎಂದಳು.

ಅಪ್ಪ ಹೋದ ಮಾತನ್ನು ಅಮ್ಮ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ನನಗೂ ಹೇಳಿರಲಿಲ್ಲ, ದೊಡ್ಡಮ್ಮನಿಗೂ ಹೇಳಿರಲಿಲ್ಲ. ದನದ ಕುತ್ತಿಗೆಗೆ ಒರಗಿ ಹೊಟ್ಟೆತುಂಬ ಅತ್ತಳು. ಅದು ಅಲುಗಾಡದೆ ನಿಂತಿತು. ಆಮೇಲೆ ಸೊರ್ರೆಂದು ಅಕ್ಕಚ್ಚು ಹೀರಿತು. ದೇಯಕ್ಕ ಕೆಚ್ಚಲಿಗೆ ಕೈ ಹಾಕಿದ್ದೇ ತಡ, ಚೊಂಬಿನಲ್ಲಿ ಚರ್ ಚರ್ ಸದ್ದು. ದೇಯಕ್ಕ ನಗುತ್ತಲೂ ಇದ್ದಳು, ಅಳುತ್ತಲೂ ಇದ್ದಳು. ನಾನು ಅಪ್ಪ ನಿಲ್ಲುತ್ತಿದ್ದ ಜಾಗದಲ್ಲಿ ನಿಂತಿದ್ದೆ. ಹಾಲಿನ ಕಡೆ ನೋಡಲೇ ಇಲ್ಲ.

ಇನ್ನು ತೊಳೆದಿಟ್ಟ ಅಕ್ಕಿ ಉಂಟಲ್ಲ? "ಅದನ್ನು ಎಂತ ಮಾಡುವುದು, ಬಿಸಾಡ್ಲಿಕ್ಕೆ ಆಗ್ತದಾ?" ಎಂದು ಅಮ್ಮ ಒಲೆ ಹಚ್ಚಿದಳು. ಗಂಜಿ ಬೆಂದಿತು. ಬೆಂದದ್ದನ್ನು ಬಡಿಸಬೇಕು. ಬಡಿಸಿದವಳು ಎದುರು ಕೂತಳು. "ಉಪ್ಪಿನಕಾಯಿ ಭರಣಿ ಎಲ್ಲಿ ಅಡಗಿಸಿಟ್ಟಿದ್ದಿ?" ಎಂದು ಕೇಳಿ, ಅರ್ಧ ಬಟ್ಟಲು ಗಂಜಿ ಉಂಡಳು. ಮರುದಿನ ಮುಕ್ಕಾಲು. ಈಗ ನನಗಿಂತ ಮೊದಲು ಏಳುತ್ತಾಳೆ, ದನ ಬರುವ ಹೊತ್ತಾಯಿತು ಎಂದು. ಬೊಳ್ಳಿಯ ಎಲುಬೂ ಮುಚ್ಚುತ್ತಾ ಬಂದಿದೆ. ಟಾನಿಕ್ ಕೂಡ ವ್ಯರ್ಥವಾಗಲಿಲ್ಲ, ಡಾಕ್ಟರರೇ ಕ್ಷಮಿಸಿ. ಚೂರು ಚೂರೇ ಅಕ್ಕಚ್ಚಿಗೆ ಹೋಗುತ್ತಿದೆ.

ದೇಯಕ್ಕನಿಗೆ ಗೇಟಿನಲ್ಲಿ ಎಲ್ಲರಿಗೂ ಕೇಳುವಂತೆ ಬೈದಿದ್ದೆ. ಹಾಗಾಗಿ ತಪ್ಪಾಯಿತು ಎಂದು ಇಲ್ಲಿ ಎಲ್ಲರಿಗೂ ಕಾಣುವಂತೆ ಬರೆಯುತ್ತಿದ್ದೇನೆ. ಅವಳಿಗೆ ಓದಲಿಕ್ಕೆ ಬರುವುದಿಲ್ಲ, ನಾಳೆ ನಾನೇ ಓದಿ ಹೇಳುತ್ತೇನೆ. ಬೊಳ್ಳಿಯ ಋಣವನ್ನು ಹೇಗೆ ತೀರಿಸುವುದೋ ಗೊತ್ತಿಲ್ಲ. ಕ್ರೋಟನ್ ಗಿಡ ಅದಕ್ಕೇ ಬಿಟ್ಟುಕೊಟ್ಟಿದ್ದೇನೆ. ನನಗೆ ನನ್ನ ಅಮ್ಮನನ್ನು ವಾಪಸು ಕೊಟ್ಟ ದನ ಅದು.

ಆದರೂ ಒಂದು ಯೋಚನೆ ತಲೆಯಲ್ಲಿ ಕೊರೆಯುತ್ತಿದೆ. ನಾವೆಲ್ಲ ಅಮ್ಮನಿಗೆ ಏನಾದರೊಂದು ಕೊಡಲಿಕ್ಕೇ ಹೋದೆವು. ಔಷಧಿ ಕೊಟ್ಟೆವು, ಗಂಜಿ ಕೊಟ್ಟೆವು, ರೆಸ್ಟ್ ಕೊಟ್ಟೆವು. ನೀನು ಎದ್ದು ಬರದಿದ್ದರೆ ನನಗೆ ಆಗುವುದಿಲ್ಲ ಎಂದು ಕೇಳಿಕೊಂಡು ಬಂದದ್ದು ಬೊಳ್ಳಿ ಮಾತ್ರ.

ನಿಮ್ಮ ಮನೆಯಲ್ಲೂ ಯಾರಾದರೂ ಮೂಲೆ ಹಿಡಿದಿದ್ದರೆ ಹೇಳಿ, ಅವರ ಹತ್ತಿರ ನೀವು ಕೊನೆಯ ಸಲ ಏನನ್ನಾದರೂ ಕೇಳಿದ್ದು ಯಾವಾಗ?